ಒಂಟಿ ಆದಾಯಕ್ಕೆ ಗೃಹಸಾಲ: ಎರಡನೇ ಸಹಿ ಯಾರದ್ದು?

ಬೆಂಗಳೂರು: ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ನಾಲ್ಕು ಹಂತಗಳಲ್ಲಿ ರೆಪೊ ದರವನ್ನು ಶೇ 6.50ರಿಂದ ಶೇ 5.25ಕ್ಕೆ ಇಳಿಸಿತು. ಸ್ವಂತ ಸೂರಿನ ಕನಸು ಕಾಣುತ್ತಿದ್ದ ಮಧ್ಯಮ ವರ್ಗಕ್ಕೆ ಇದು ನೆಮ್ಮದಿ ತಂದದ್ದು ನಿಜ. ಆದರೆ ಅವಿವಾಹಿತರು, ವಿಧವೆಯರು, ವಿಚ್ಛೇದಿತರು ಹಾಗೂ ಮಕ್ಕಳನ್ನು ಒಬ್ಬರೇ ಸಾಕುತ್ತಿರುವವರು ಬ್ಯಾಂಕಿನ ಮೆಟ್ಟಿಲೇರಿದಾಗ ಎದುರಾಗುವ ಮೊದಲ ಪ್ರಶ್ನೆ ಬಡ್ಡಿ ದರದ್ದಲ್ಲ. 'ಸಹ ಅರ್ಜಿದಾರರು ಯಾರು?' ಎಂಬುದೇ ಆ ಪ್ರಶ್ನೆ.

ಒಂಟಿಯಾಗಿರುವವರಿಗೆ ಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕ್‌ನ ಯಾವ ಸುತ್ತೋಲೆಯೂ ಹೇಳುವುದಿಲ್ಲ. ಹಾಗೆಂದು ಅವರಿಗೆ ಸ್ಪಷ್ಟ ರಕ್ಷಣೆ ಇದೆಯೆಂದೂ ಹೇಳುವಂತಿಲ್ಲ. ಸಾಲ ನೀಡಿಕೆಯಲ್ಲಿ ನ್ಯಾಯಯುತ ನಡವಳಿಕೆ ಕುರಿತು 2003ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಲಿಂಗ, ಜಾತಿ ಮತ್ತು ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡಕೂಡದೆಂದು ವಿಧಿಸಿತು. ವೈವಾಹಿಕ ಸ್ಥಿತಿಯ ಉಲ್ಲೇಖ ಆ ಸಾಲಿನಲ್ಲಿ ಇಲ್ಲ. ಅಮೆರಿಕವು ಸಾಲದ ವಿಷಯದಲ್ಲಿ ವೈವಾಹಿಕ ಸ್ಥಿತಿಯನ್ನು ಪರಿಗಣಿಸಿ ತಾರತಮ್ಯ ಮಾಡುವುದನ್ನು 1974ರಲ್ಲೇ ಕಾನೂನಿನ ಮೂಲಕ ನಿಷೇಧಿಸಿತ್ತು. ನಮ್ಮಲ್ಲಿ ಒಂಟಿ ಅರ್ಜಿದಾರರ ಭವಿಷ್ಯವು ಬಹುಮಟ್ಟಿಗೆ ಆಯಾ ಬ್ಯಾಂಕಿನ ಆಂತರಿಕ ನೀತಿ ಹಾಗೂ ಶಾಖೆಯ ಅಧಿಕಾರಿಯ ವಿವೇಚನೆಗೆ ಬಿಟ್ಟ ಸಂಗತಿ.

ಲೆಕ್ಕದ ಮಾತು

ಅಧಿಕಾರಿಯ ಧೋರಣೆ ಹಾಗಿರಲಿ, ಲೆಕ್ಕಾಚಾರವೇ ಮೊದಲ ತೊಡಕು. ಕೈಗೆ ಬರುವ ವೇತನದ ಸುಮಾರು ಅರ್ಧದಷ್ಟು ಮಾತ್ರ ಎಲ್ಲ ಸಾಲಗಳ ಕಂತಿಗೆ ಹೋಗಬಹುದೆಂಬುದು ಬ್ಯಾಂಕುಗಳ ಸಾಮಾನ್ಯ ಅಂದಾಜು. ತಿಂಗಳಿಗೆ 60,000 ರೂಪಾಯಿ ಪಡೆಯುವ ಮಹಿಳೆಯೊಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆಕೆ 30,000 ರೂಪಾಯಿ ಕಂತು ಕಟ್ಟಬಲ್ಲರೆಂದಾದರೆ, ಶೇ 8ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ದೊರೆಯುವ ಸಾಲ ಸುಮಾರು 35.9 ಲಕ್ಷ ರೂಪಾಯಿ.

ಇಷ್ಟು ಸಾಲ ಹಿಡಿದು 45 ಲಕ್ಷ ರೂಪಾಯಿಯ ಫ್ಲ್ಯಾಟ್ ಕೊಳ್ಳಲು ಹೊರಟರೆ ಏನಾಗುತ್ತದೆ? ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ 90ರಷ್ಟು, 30 ಲಕ್ಷ ಮೀರಿ 75 ಲಕ್ಷದವರೆಗೆ ಶೇ 80ರಷ್ಟು ಮಾತ್ರ ಮಿತಿ. ಅಂದರೆ ಗರಿಷ್ಠ 36 ಲಕ್ಷ. ಉಳಿದ 9 ಲಕ್ಷ ಆಕೆಯ ಕೈಯಿಂದಲೇ ಬರಬೇಕು. ಇದರ ಮೇಲೆ ಮುದ್ರಾಂಕ ಶುಲ್ಕ, ಅದರ ಸೆಸ್, ಸರ್‌ಚಾರ್ಜ್ ಹಾಗೂ ನೋಂದಣಿ ಶುಲ್ಕ. ಮನೆ 10 ಲಕ್ಷಕ್ಕಿಂತ ದುಬಾರಿಯಾಗಿದ್ದರೆ ಇವನ್ನು ಸಾಲದ ಲೆಕ್ಕಕ್ಕೆ ಸೇರಿಸುವಂತಿಲ್ಲ. ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಹೊಸ ಫ್ಲ್ಯಾಟ್‌ನ ಮೊದಲ ನೋಂದಣಿಗೆ ಈ ಬೆಲೆಯವರೆಗೆ ಶೇ 3ರ ರಿಯಾಯಿತಿ ಮುದ್ರಾಂಕ ಶುಲ್ಕ ಇದ್ದರೂ ಒಟ್ಟು ಹೊರೆ ಸುಮಾರು 2.4 ಲಕ್ಷ. ಹೀಗೆ ಒಂದೇ ಸಂಬಳದಲ್ಲಿ ಬಾಡಿಗೆ, ಮಗುವಿನ ಶಾಲಾ ಶುಲ್ಕ ಕಳೆದು 11.5 ಲಕ್ಷ ರೂಪಾಯಿಯನ್ನು ಮೊದಲೇ ಕೂಡಿಟ್ಟಿರಬೇಕು. ಅಷ್ಟೇ ಸಂಬಳದ ದಂಪತಿಗೆ ಸಾಲದ ಅರ್ಹತೆ ಇಮ್ಮಡಿಯಾಗುತ್ತದೆ, ಬಾಡಿಗೆ ಮಾತ್ರ ಇಮ್ಮಡಿಯಾಗುವುದಿಲ್ಲ.

ಮಹಿಳೆಯರಿಗೆ ಬಡ್ಡಿಯಲ್ಲಿ ರಿಯಾಯಿತಿ ಇದೆಯೆಂಬ ಪ್ರಚಾರವೂ ಉಂಟು. ಕೆಲವು ಬ್ಯಾಂಕುಗಳು ನೀಡುತ್ತಾ ಬಂದಿರುವ ಶೇ 0.05ರ ಕಡಿತದಿಂದ 30 ಲಕ್ಷದ ಸಾಲಕ್ಕೆ ತಿಂಗಳಿಗೆ ಉಳಿಯುವುದು ಸುಮಾರು 90 ರೂಪಾಯಿ! ನಿಜವಾಗಿ ನೆರವಾಗಬಲ್ಲದ್ದು ಮುದ್ರಾಂಕ ಶುಲ್ಕದ ರಿಯಾಯಿತಿ. ದೆಹಲಿಯಲ್ಲಿ ಪುರುಷರಿಗೆ ಶೇ 6 ಇದ್ದರೆ ಮಹಿಳೆಯರಿಗೆ ಶೇ 4. ಮಹಾರಾಷ್ಟ್ರವೂ ಮಹಿಳೆಯರಿಗೆ ಶೇ 1ರಷ್ಟು ಕಡಿಮೆ ವಿಧಿಸುತ್ತದೆ. ಮಹಿಳೆಯರಿಗಾಗಿ ಹಲವು ಯೋಜನೆ ರೂಪಿಸಿರುವ ಕರ್ನಾಟಕದಲ್ಲಿ ಇಂತಹ ರಿಯಾಯಿತಿ ಇಲ್ಲದಿರುವುದು ಸೋಜಿಗ.

ವಯಸ್ಸು ಮತ್ತೊಂದು ಕತ್ತರಿ. ವಿಚ್ಛೇದನ ಅಥವಾ ವೈಧವ್ಯದ ನಂತರ ಬದುಕನ್ನು ಮತ್ತೆ ಕಟ್ಟಿಕೊಂಡು ಮನೆಯ ಯೋಚನೆ ಮಾಡುವ ವೇಳೆಗೆ ಅನೇಕರಿಗೆ 45 ದಾಟಿರುತ್ತದೆ. ನಿವೃತ್ತಿಯೊಳಗೆ ಸಾಲ ತೀರಬೇಕೆಂದು ಬ್ಯಾಂಕು ಪಟ್ಟು ಹಿಡಿದರೆ ಅವಧಿ 15 ವರ್ಷಕ್ಕೆ ಇಳಿಯುತ್ತದೆ. ಅದೇ 30,000 ರೂಪಾಯಿ ಕಂತಿಗೆ ಆಗ ಸಿಗುವುದು 31.4 ಲಕ್ಷ. ಹತ್ತು ವರ್ಷಕ್ಕಾದರೆ 24.7 ಲಕ್ಷ ಮಾತ್ರ.

ತಂದೆ, ತಾಯಿ, ಅಣ್ಣ

ಈ ಕೊರತೆ ತುಂಬಲು ಬ್ಯಾಂಕು ಸೂಚಿಸುವ ಮಾರ್ಗವೇ ಸಹ ಅರ್ಜಿದಾರ. ನಿವೃತ್ತ ತಂದೆಯನ್ನು ಸೇರಿಸಿಕೊಂಡರೆ ಪಿಂಚಣಿಯ ಬಲ ಸಿಗಬಹುದು, ಆದರೆ ಅವರ ವಯಸ್ಸಿನ ಕಾರಣಕ್ಕೆ ಅವಧಿ ಮೊಟಕಾಗುವ ಸಂಭವವೂ ಇದೆ. ಅಣ್ಣ ಸಹಿ ಹಾಕಿದರೆ ಸಾಲ ಅವನ ಹೆಸರಿನಲ್ಲೂ ದಾಖಲಾಗಿ, ನಾಳೆ ಅವನೇ ಮನೆ ಕಟ್ಟಲು ಹೊರಟಾಗ ಅರ್ಹತೆ ಕುಗ್ಗುತ್ತದೆ. ಅತ್ತಿಗೆ ಇದನ್ನು ಕೇಳದೇ ಇರುತ್ತಾರೆಯೇ?

ಇಲ್ಲಿ ಸಹ ಸಾಲಗಾರ ಬೇರೆ, ಸಹ ಮಾಲೀಕ ಬೇರೆ ಎಂಬ ವ್ಯತ್ಯಾಸವನ್ನು ಅರಿಯುವುದು ಅಗತ್ಯ. ಕ್ರಯಪತ್ರದಲ್ಲಿ ಹೆಸರಿರುವವರೆಲ್ಲರೂ ಸಾಲಕ್ಕೆ ಸಹಿ ಹಾಕಬೇಕೆಂದು ಬ್ಯಾಂಕುಗಳು ಸಾಮಾನ್ಯವಾಗಿ ಕೇಳುತ್ತವೆ. ಸಾಲಕ್ಕೆ ಸಹಿ ಹಾಕಿದವರೆಲ್ಲರೂ ಮಾಲೀಕರಾಗಬೇಕೆಂದಿಲ್ಲ. ಕುಟುಂಬದ ಒತ್ತಾಯಕ್ಕೆ ಕಟ್ಟುಬಿದ್ದು ಅಣ್ಣನ ಹೆಸರನ್ನು ಕ್ರಯಪತ್ರಕ್ಕೂ ಸೇರಿಸಿದ ತಂಗಿ, ಕಂತನ್ನು ತಾನೊಬ್ಬಳೇ ಕಟ್ಟಿದರೂ ಕಾಗದದ ಮೇಲೆ ಪಾಲು ಬಿಟ್ಟುಕೊಟ್ಟಂತೆಯೇ ಸರಿ.

ವಿಚ್ಛೇದಿತರ ಸಂಕಟದ ಬಗೆಯೇ ಬೇರೆ. ಮದುವೆಯ ಕಾಲದಲ್ಲಿ ಗಂಡ-ಹೆಂಡತಿ ಜಂಟಿಯಾಗಿ ಪಡೆದ ಸಾಲವು ನ್ಯಾಯಾಲಯದ ವಿಚ್ಛೇದನ ತೀರ್ಪಿನೊಂದಿಗೆ ತಾನಾಗಿ ಇಬ್ಭಾಗವಾಗುವುದಿಲ್ಲ. ಕಂತನ್ನು ಪತಿಯೇ ಕಟ್ಟತಕ್ಕದ್ದು ಎಂದು ಒಪ್ಪಂದವಾಗಿದ್ದರೂ ಅದರಲ್ಲಿ ಬ್ಯಾಂಕು ಭಾಗಿಯಲ್ಲ. ಆತ ಕಂತು ತಪ್ಪಿಸಿದರೆ ಆಕೆಯ ಕ್ರೆಡಿಟ್ ಸ್ಕೋರ್ ಕೂಡ ಕುಸಿಯುತ್ತದೆ, ಹೊಸ ಅರ್ಜಿಯ ಅರ್ಹತೆಯಲ್ಲಿ ಹಳೆಯ ಸಾಲವೂ ಲೆಕ್ಕಕ್ಕೆ ಬರುತ್ತದೆ. ಸಾಲವನ್ನು ಒಬ್ಬರ ಹೆಸರಿಗೆ ವರ್ಗಾಯಿಸಲು ಬ್ಯಾಂಕಿನ ಲಿಖಿತ ಒಪ್ಪಿಗೆ, ಆಸ್ತಿಯ ಪಾಲು ಬಿಡಲು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ವಿಚ್ಛೇದನದ ಮಾತುಕತೆ ನಡೆಯುವಾಗಲೇ ಇವೆರಡನ್ನೂ ಮುಗಿಸಿಕೊಳ್ಳದವರು ವರ್ಷಗಟ್ಟಲೆ ಅಲೆದಾಡಬೇಕಾಗುತ್ತದೆ. ಜೀವನಾಂಶದ ಹಣವನ್ನು ಸ್ಥಿರ ಆದಾಯವೆಂದು ಎಲ್ಲ ಬ್ಯಾಂಕುಗಳೂ ಒಪ್ಪುವುದಿಲ್ಲ. ಪ್ರಕರಣ ಇನ್ನೂ ಇತ್ಯರ್ಥವಾಗದೆ, ಬರೀ ಬೇರೆಯಾಗಿ ಬಾಳುತ್ತಿರುವವರ ಸ್ಥಿತಿ ಇನ್ನೂ ಬಿಗಡಾಯಿಸಿದ್ದು, ಏಕೆಂದರೆ ದಾಖಲೆಗಳ ಪ್ರಕಾರ ಅವರು ಒಂಟಿಯೇ ಅಲ್ಲ.

ಮಗುವಿನ ಹೆಸರಿಗೆ ಮನೆ

'ನನ್ನ ನಂತರ ಮಗುವಿಗೆ ತೊಂದರೆಯಾಗಬಾರದು' ಎಂಬ ಕಾಳಜಿಯಿಂದ ಮನೆಯನ್ನು ಮಗುವಿನ ಹೆಸರಿಗೇ ಮಾಡಲು ಬಯಸುವ ತಾಯಂದಿರು ಕಡಿಮೆಯೇನಿಲ್ಲ. ಈ ದಾರಿ ಸಾಲಕ್ಕೆ ಅಡ್ಡಗಾಲು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಹಾಗೂ ಪಾಲಕತ್ವ ಕಾಯ್ದೆಯ 8ನೇ ಕಲಮಿನಂತೆ, ಅಪ್ರಾಪ್ತ ಮಗುವಿನ ಸ್ಥಿರಾಸ್ತಿಯನ್ನು ಸಹಜ ಪಾಲಕರು ನ್ಯಾಯಾಲಯದ ಅನುಮತಿಯಿಲ್ಲದೆ ಅಡಮಾನ ಇಡುವಂತಿಲ್ಲ. ಅಡಮಾನವಿಲ್ಲದೆ ಗೃಹಸಾಲವಿಲ್ಲ. ಆದ್ದರಿಂದ ಮನೆಯನ್ನು ತಮ್ಮ ಹೆಸರಿಗೇ ಕೊಂಡು ಉಯಿಲು ಬರೆಯುವುದು ಸುಗಮ ಹಾದಿ.

ತಾಯಿಯ ಸಹಿಗೆ ಬೆಲೆ ಬಂದದ್ದೂ ಈಚೆಗೆ ಎಂಬುದನ್ನು ಮರೆಯುವಂತಿಲ್ಲ. ಲೇಖಕಿ ಗೀತಾ ಹರಿಹರನ್ 1984ರಲ್ಲಿ ಅಪ್ರಾಪ್ತ ಮಗನ ಹೆಸರಿನಲ್ಲಿ ರಿಲೀಫ್ ಬಾಂಡ್‌ಗಾಗಿ ಪತಿಯ ಒಪ್ಪಿಗೆಯೊಂದಿಗೇ ಅರ್ಜಿ ಹಾಕಿದಾಗ, ತಂದೆಯ ಸಹಿ ಇಲ್ಲವೇ ಪಾಲಕತ್ವದ ಪ್ರಮಾಣಪತ್ರ ತರುವಂತೆ ಸೂಚಿಸಿದ್ದು ಬೇರಾರೂ ಅಲ್ಲ, ರಿಸರ್ವ್ ಬ್ಯಾಂಕೇ. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊತ್ತಿರದಿದ್ದಲ್ಲಿ ತಾಯಿಯೇ ಸಹಜ ಪಾಲಕಿಯಾಗಬಲ್ಲಳು ಎಂದು ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ತೀರ್ಪಿತ್ತದ್ದು 1999ರಲ್ಲಿ.

ಬಜೆಟ್ ಸಾಲದವರನ್ನು ಸೆಳೆಯುವ ಇನ್ನೊಂದು ಬಲೆ ಬೆಂಗಳೂರಿನ ಬಿ-ಖಾತಾ ಆಸ್ತಿ. ಬೆಲೆ ಅಗ್ಗ ಎಂಬುದೇ ಆಕರ್ಷಣೆ. ಆದರೆ ಇಂತಹ ಆಸ್ತಿಗೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ, ಸಿಕ್ಕರೂ ಅಧಿಕ ಬಡ್ಡಿಯ ಹಣಕಾಸು ಸಂಸ್ಥೆಗಳಿಂದ. ಉಳಿಸಿದ ಹಣ ಬಡ್ಡಿಗೆ ಹೋಗುತ್ತದೆ.

ಸರ್ಕಾರದ ನೆರವು ಇಲ್ಲವೇ ಇಲ್ಲ ಎನ್ನುವಂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ನಗರ ಪ್ರದೇಶದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಆವೃತ್ತಿಯಲ್ಲಿ ವಿಧವೆಯರು ಮತ್ತು ಒಂಟಿ ಮಹಿಳೆಯರಿಗೆ ಆದ್ಯತೆ ಇದೆ. ಅದರ ಬಡ್ಡಿ ಸಹಾಯಧನಕ್ಕೆ ಕುಟುಂಬದ ವಾರ್ಷಿಕ ಆದಾಯ 9 ಲಕ್ಷ, ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ರೂಪಾಯಿ ಮೀರಬಾರದು. ಮೊದಲ 8 ಲಕ್ಷದ ಸಾಲಕ್ಕೆ ಶೇ 4ರಷ್ಟು, ಒಟ್ಟು ಗರಿಷ್ಠ 1.80 ಲಕ್ಷ ರೂಪಾಯಿ ಐದು ವಾರ್ಷಿಕ ಕಂತುಗಳಲ್ಲಿ ದೊರೆಯುತ್ತದೆ. ಆದರೆ 35 ಲಕ್ಷದೊಳಗೆ, ದಾಖಲೆ ಸರಿಯಿರುವ ಮನೆ ಬೆಂಗಳೂರಿನ ಕಚೇರಿ, ಶಾಲೆಗಳಿಗೆ ಹತ್ತಿರದಲ್ಲಿ ಸಿಗುವುದು ದುರ್ಲಭ. ತುಮಕೂರು, ದಾವಣಗೆರೆಯಂತಹ ನಗರಗಳಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬಂದೀತು.

ಸಾಲ ಮಂಜೂರಾದ ಮೇಲಿನ ಅಪಾಯದ ಬಗ್ಗೆ ಯೋಚಿಸುವವರು ಕಡಿಮೆ. ದಂಪತಿಯಲ್ಲಿ ಒಬ್ಬರ ಉದ್ಯೋಗ ಹೋದರೆ ಇನ್ನೊಬ್ಬರ ಸಂಬಳ ಕೈಹಿಡಿಯುತ್ತದೆ, ಒಂಟಿ ಸಾಲಗಾರರಿಗೆ ಆ ಆಸರೆಯಿಲ್ಲ. ಆರು ತಿಂಗಳ ಕಂತಿನಷ್ಟು ಹಣ ಪ್ರತ್ಯೇಕವಾಗಿ ಇಡಲಾಗದವರು ಅರ್ಹತೆ ಇದ್ದಷ್ಟೂ ಸಾಲ ಎತ್ತುವುದು ಸರಿಯಲ್ಲ. ಸಾಲದ ವಿಮೆ ಕಾನೂನುಬದ್ಧವಾಗಿ ಕಡ್ಡಾಯವಲ್ಲ. ಆದರೂ ಚಿಕ್ಕ ಮಕ್ಕಳಿರುವ ಒಂಟಿ ಪೋಷಕರು ಅವಧಿ ವಿಮೆಯನ್ನಾದರೂ ಮಾಡಿಸದೆ ಇರುವುದು ದೊಡ್ಡ ಅಪಾಯ.

ಉಯಿಲಿನ ಮಾತು ಇಲ್ಲಿಯೇ ಬರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಮಹಿಳೆಯ ಆಸ್ತಿಯಲ್ಲಿ ಮಕ್ಕಳೊಂದಿಗೆ ಪತಿಯೂ ವಾರಸುದಾರ. ವಿಚ್ಛೇದನ ಪಡೆಯದೆ ದೂರವಿರುವ ಪತಿಗೂ ಈ ಪಾಲು ತಪ್ಪುವುದಿಲ್ಲ. ಮಕ್ಕಳಿಲ್ಲದ ವಿಧವೆ ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿಯೂ ಗಂಡನ ಕಡೆಯ ವಾರಸುದಾರರಿಗೇ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪಿತ್ತಿದೆ, ಆಕೆಯನ್ನು ಆ ಮನೆಯವರು ಹೊರಗಟ್ಟಿದ್ದ ಪ್ರಕರಣ ಅದಾಗಿತ್ತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವು 2025ರ ನವೆಂಬರ್‌ನಲ್ಲಿ, ಮಹಿಳೆಯರು ಉಯಿಲು ಬರೆದಿಡುವಂತೆ ಮನವಿ ಮಾಡಿದ್ದರ ಹಿನ್ನೆಲೆಯೂ ಇದೇ ಕಲಮು.

ಇನ್ನುಳಿದದ್ದು ಬ್ಯಾಂಕಿನ ಕಪಾಟಿನಲ್ಲಿರುವ ಮೂಲ ದಾಖಲೆಗಳು. ಸಾಲ ತೀರಿದ 30 ದಿನಗಳೊಳಗೆ ಅವನ್ನು ಮರಳಿಸದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ತೆರಬೇಕೆಂಬ ರಿಸರ್ವ್ ಬ್ಯಾಂಕ್ ಆದೇಶ 2023ರ ಡಿಸೆಂಬರ್ 1ರಿಂದ ಅನ್ವಯವಾಗಿದೆ. ಸಾಲಗಾರರು ತೀರಿಕೊಂಡರೆ ದಾಖಲೆಗಳನ್ನು ವಾರಸುದಾರರಿಗೆ ಒಪ್ಪಿಸುವ ವಿಧಾನವನ್ನು ಪ್ರತಿ ಬ್ಯಾಂಕೂ ಮುಂಚಿತವಾಗಿ ರೂಪಿಸಿ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕೆಂದೂ ಅದೇ ಆದೇಶ ಹೇಳುತ್ತದೆ. ಎರಡನೇ ಸಹಿ ಇಲ್ಲದೆ ಸಾಲ ಪಡೆಯುವವರು ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಆ ವಿಧಾನದ ಪ್ರತಿಯೊಂದನ್ನು ಶಾಖೆಯಲ್ಲಿ ಕೇಳಿ ಪಡೆಯಬಹುದು.