ಅತಿಮಾನವನೂ ನಮ್ಮ ಗೆಳೆಯನೂ

1938ರಲ್ಲಿ ಚಿತ್ರಕಥೆಯೊಂದರಲ್ಲಿ ಅವತರಿಸಿದ ಸೂಪರ್‌ಮ್ಯಾನ್ ಇಂದಿಗೂ ತರುಣರ ಮನಸ್ಸನ್ನು ಸೆಳೆಯುತ್ತಿರುವನು. ಆತನ ಬಲವು ಸೂರ್ಯನಿಂದ ಬಂದುದೆಂದು ಕಥೆ ಹೇಳುತ್ತದೆ. ಎಷ್ಟೆಂಬ ಲೆಕ್ಕವನ್ನು ಮಾತ್ರ ಕೊಡುವುದಿಲ್ಲ.

ಹುಮನಾಬಾದ್–ಬಸವಕಲ್ಯಾಣದ ರಸ್ತೆಗಳಲ್ಲಿ ಮುಂಜಾನೆ ಓಡುವ ನಮ್ಮ ಗೆಳೆಯನನ್ನು ನೋಡಿರಿ. ಆತನ ಬಲವೂ ಸೂರ್ಯನದೇ. ಜೋಳದ ರೊಟ್ಟಿ, ತೊಗರಿಬೇಳೆಗಳ ಮೂಲಕ ಬಂದದ್ದು. ಇಲ್ಲಿ ಲೆಕ್ಕವುಂಟು: 60 ಕಿಲೋಗ್ರಾಂ ತೂಕದವನಿಗೆ 10 ಕಿಲೋಮೀಟರ್ ಓಡಲು ಸುಮಾರು 600 ಕಿಲೋಕ್ಯಾಲರಿ ಬೇಕು. ಅದರ ಬಹುಭಾಗವು ಶಾಖವಾಗುತ್ತದೆ. ಬೆವರು ಆರುತ್ತ ಆ ಶಾಖವನ್ನು ಹೊತ್ತೊಯ್ಯುತ್ತದೆ.

ಶಕ್ತಿಸಂರಕ್ಷಣೆಯ ನಿಯಮವನ್ನು ಮೀರಿದ ಕಲ್ಪಿತ ವೀರನಿಗಿಂತ, ಅದಕ್ಕೆ ಬದ್ಧನಾಗಿದ್ದೂ ದಿನದಿನಕ್ಕೆ ತುಸು ಮುಂದೆ ಓಡುವ ಗೆಳೆಯನೇ ದೊಡ್ಡವನೆಂಬುದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳೇ, ಅತಿಮಾನವನನ್ನು ನೋಡಿ ನಾವು ಬೆರಗಾಗಬಹುದು, ಅಷ್ಟೇ. ಗೆಳೆಯನ ಜೊತೆಗಾದರೋ ನಾಳೆಯೇ ಓಡಬಹುದು.