ಮುಧೋಳದಿಂದ ಮರಿ ತರೋಕೆ ಹೋಗೋರು ಬೇರೆ ಕೆಲಸ ಇಟ್ಕೋಬೇಡಿ

ಅಡಿಕೆ ಕೊನೆಕೊಯ್ಲು ಮುಗೀತಾ ಬಂತು. ಈಗ ಎಲ್ಲರಿಗೂ ಒಂದಿಷ್ಟು ಪುರಸೊತ್ತು, ಕೈಯಲ್ಲಿ ಒಂದಿಷ್ಟು ದುಡ್ಡು. ಹಂಗಾಗಿ ನಾಯಿಮರಿ ವಿಚಾರ ಶುರುವಾಗಿದೆ. ಕಳೆದ ಹದಿನೈದು ದಿನದಲ್ಲಿ ನಮ್ಮ ಸೀಮೆಯ ಮೂರು ಜನ ಫೋನ್ ಮಾಡಿ, "ನೀವು ಮುಧೋಳದಿಂದ ತಂದ್ರಲ್ಲ, ಹೆಂಗೆ ತಂದ್ರಿ, ಎಷ್ಟು ಬಿತ್ತು" ಅಂತ ಕೇಳಿದ್ರು. ಎಷ್ಟು ಬಿತ್ತು ಅನ್ನೋದು ಎದುರಿಗೆ ಸಿಕ್ಕಾಗ ಹೇಳ್ತೀನಿ. ಹೆಂಗೆ ತಂದೆ ಅನ್ನೋದನ್ನ ಬರೆದೇ ಹೇಳಬೇಕು, ಯಾಕಂದ್ರೆ ನಾನು ತಂದಿದ್ದು ಒಂದಲ್ಲ, ಎರಡು. ಮೊದಲನೆಯದು ಉಳೀಲಿಲ್ಲ.

ಅದನ್ನೇ ಮೊದಲು ಹೇಳಿಬಿಡ್ತೀನಿ. ಎರಡು ವರ್ಷದ ಹಿಂದಿನ ಮಾತು. ಮಂಗನ ಕಾಟ, ಹಂದಿ ಕಾಟ, ಯಾರೋ ಮುಧೋಳ ನಾಯಿ ಇದ್ರೆ ತೋಟಕ್ಕೆ ಒಂದು ಗತ್ತು ಅಂದ್ರು. ಹೊರಟೆ. ಒಂದು ಕೆಲಸಕ್ಕೆ ಹೋಗಿ ಎರಡು ಮಾಡ್ಕೊಂಡು ಬರೋದು ನಮ್ಮ ರೈತರ ಬುದ್ಧಿ, ಡೀಸೆಲ್ ಸುಟ್ಟಿದ್ದು ದಂಡ ಆಗಬಾರದು. ಬರುವಾಗ ಹುಬ್ಬಳ್ಳೀಲಿ ಕಳೆ ಹೊಡೆಯೋ ಮಿಷನ್ನಿನ ಬಿಡಿಭಾಗ ತರೋದಿತ್ತು, ಅಲ್ಲೇ ನೆಂಟರ ಮನೇಲಿ ಊಟಾನೂ ಆಗಲಿ ಅಂತ.

ಮರಿಗೆ ಐದು ವಾರ. ಮಾರಿದೋರೇ ಹೇಳಿದ್ರು, "ಸರ, ಇನ್ನಾ ಇಪ್ಪತ್ತ ದಿನ ತಾಯಿ ಹಂತೇಲಿ ಇರ್ಲಿ ಬಿಡ್ರಿ, ಆಮ್ಯಾಲ ಬಂದ ಒಯ್ಯರಿ" ಅಂತ. ಆ ಮನುಷ್ಯನ ಮಾತು ಸತ್ಯ. ನಾನೇ ಕೇಳಲಿಲ್ಲ. ಇನ್ನೊಂದ್ಸಲ ಯಾರು ಅಷ್ಟು ದೂರ ಬರ್ತಾರೆ ಅಂದೆ. ಹೊರಡೋ ಮೊದಲು ಪಾಪ ಅಂತ ಒಂದು ಬಟ್ಟಲು ಹಾಲು ಕುಡಿಸಿದ್ದೆ. ರಾಮದುರ್ಗ ಮುಟ್ಟೋದ್ರೊಳಗೆ ಎರಡು ಸಲ ವಾಂತಿ. ಹುಬ್ಬಳ್ಳೀಲಿ ಗಾಜು ಎರಡು ಬೆರಳು ಇಳಿಸಿ, ಕಾರಲ್ಲೇ ಬಿಟ್ಟು ಅಂಗಡಿಗೆ ಹೋದೆ. ಬಂದು ನೋಡಿದ್ರೆ ನಾಲಿಗೆ ಹೊರಗೆ ಹಾಕ್ಕೊಂಡು ಏದುಸಿರು ಬಿಡ್ತಿತ್ತು. ಊರು ದಾಟಿದ ಮೇಲೆ ಒಂದು ಢಾಬಾ ಹಿಂದೆ ಗಾಳಿಯಾಡಲಿ ಅಂತ ಇಳಿಸಿದೆ. ಅಲ್ಲಿ ಎಂಜಲೆಲೆ, ಬೀದಿನಾಯಿ ಎಲ್ಲಾ ಇದ್ವು. ಮರಿ ಮೂಸಿಕೊಂಡು ಓಡಾಡ್ತು, ನಾನು ಚಹಾ ಕುಡಿದೆ.

ಮನೆಗೆ ಬಂದ ಆರನೇ ದಿನ ಮಂಕಾಯ್ತು. ಏಳನೇ ದಿನ ವಾಂತಿ, ಆಮೇಲೆ ರಕ್ತಭೇದಿ. ಆ ವಾಸನೆ ಒಂದ್ಸಲ ಮೂಸಿದೋರು ಮರೆಯೋದಿಲ್ಲ. ಡಾಕ್ಟರು ಪಾರ್ವೋ ಅಂದ್ರು. ಡ್ರಿಪ್ ಹಾಕಿದ್ರು, ಅವರ ಕಡೆಯಿಂದ ಏನೂ ಕಮ್ಮಿ ಆಗಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಹೋಯ್ತು. ಮಗಳು ಶಾಲೆಗೆ ಹೋಗಲಿಲ್ಲ. ಚುಕ್ಕಿ ಅಂತ ಹೆಸರಿಟ್ಟಿದ್ಲು, ಕರೆದ್ರೆ ಓಡಿ ಬರೋದನ್ನ ಆಗಲೇ ಕಲಿಸಿದ್ಲು. ಢಾಬಾದಲ್ಲೇ ಹತ್ತಿತೋ ಬೇರೆಲ್ಲಾದ್ರೂ ಹತ್ತಿತೋ ಯಾರೂ ಆಣೆ ಮಾಡಿ ಹೇಳಕ್ಕಾಗಲ್ಲ. ಆದ್ರೆ ಹತ್ತೋದಕ್ಕೆ ಎಲ್ಲ ದಾರಿ ತೆಗೆದುಕೊಟ್ಟಿದ್ದು ನಾನು.

"ನಮ್ಮಜ್ಜ ಚೀಲದಲ್ಲಿ ಕಟ್ಕೊಂಡು ತರ್ತಿದ್ದ, ಯಾವ ಲಸಿಕೆ, ಯಾವ ಪಾರ್ವೋ" ಅಂತ ಹೇಳೋರು ನಮ್ಮಲ್ಲಿ ಬೇಕಾದಷ್ಟು ಜನ. ಅಜ್ಜ ತರ್ತಿದ್ದಿದ್ದು ಪಕ್ಕದೂರಿನ ಹಾಡ್ಯದಾಚೆಯಿಂದ, ಮುನ್ನೂರು ಕಿಲೋಮೀಟರ್ ದೂರದಿಂದ ಅಲ್ಲ. ಮತ್ತೆ ಆರು ಮರಿ ಹುಟ್ಟಿದ್ರೆ ಎಷ್ಟು ಉಳೀತು ಅಂತ ಅಜ್ಜ ಲೆಕ್ಕ ಇಟ್ಟಿರಲಿಲ್ಲ. ಉಳಿದಿದ್ದರ ಕತೆ ಮಾತ್ರ ನಮಗೆ ಹೇಳಿದ್ದು. ಪಾರ್ವೋ ಅನ್ನೋದೇ 1970ರ ದಶಕದ ಕೊನೆಗೆ ನಾಯಿಗಳಲ್ಲಿ ಕಾಣಿಸಿಕೊಂಡ ರೋಗ. ಅಜ್ಜನ ಕಾಲಕ್ಕೆ ಅದು ಇರಲೇ ಇಲ್ಲ ಅಂತಿಟ್ಕೊಳ್ಳಿ.

ಇನ್ನೊಂದು ವಿಷಯ, ಈ ರೋಗದ ವೈರಸ್ಸು ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಫಿನಾಯಿಲಿಗೆ ಸಾಯಲ್ಲ. ಬ್ಲೀಚಿಂಗ್ ಪುಡಿಗೆ ಸಾಯುತ್ತೆ. ಅದಕ್ಕೇ ಒಂದು ವರ್ಷ ನಾನು ಮರಿ ತರಲಿಲ್ಲ. ಚುಕ್ಕಿ ಮಲಗಿದ್ದ ಜಾಗ, ಬಚ್ಚಲ ಹಿಂದೆ, ಸಿಮೆಂಟ್ ನೆಲ ಎಲ್ಲ ಬ್ಲೀಚಿಂಗ್ ನೀರು ಹಾಕಿ ತಿಕ್ಕಿದೆ. ಚೀಲ, ಬಟ್ಟೆ ಸುಟ್ಟೆ. ಮನೇಲಿ ಮರಿ ಸತ್ತ ವಾರಕ್ಕೇ ದುಃಖ ಮರೀಲಿ ಅಂತ ಇನ್ನೊಂದು ತರ್ತಾರಲ್ಲ, ದಯವಿಟ್ಟು ಹಂಗೆ ಮಾಡಬೇಡಿ.

ಎರಡನೇ ಸಲ ಹೋಗಿದ್ದು ಹೋದ ಜನವರೀಲಿ. ಮೊದಲೇ ಫೋನ್ ಮಾಡಿ ಹುಟ್ಟಿದ ದಿನ ಬರೆದಿಟ್ಕೊಂಡು, ಎಂಟು ವಾರ ತುಂಬಿದ ಮೇಲೆ ಹೊರಟೆ. ಮೊದಲ ಲಸಿಕೆ ಆಗಿತ್ತು, ಜಂತಿನ ಔಷಧಿ ಆಗಿತ್ತು, ಎರಡರ ಚೀಟೀನೂ ಕೇಳಿ ಇಸ್ಕೊಂಡೆ. ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಕೇಂದ್ರ ಇದೆ, ಸುತ್ತಲ ಹಳ್ಳಿಗಳಲ್ಲಿ ಸಾಕೋ ಮನೆಗಳೂ ಇವೆ. ಎಲ್ಲಿಂದಾದ್ರೂ ತನ್ನಿ, ತಾಯಿನ ನೋಡದೆ ತರಬೇಡಿ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ನಾಯಿ ಅದು, ಸೈನ್ಯದೋರೂ ಒಯ್ದಿದಾರೆ. ಆದ್ರೆ ಹೆಸರು ಬಂದ ಮೇಲೆ ಆ ಹೆಸರಲ್ಲಿ ಏನೇನೋ ಮಾರ್ತಾರೆ.

ಹಿಂದಿನ ದಿನವೇ ಹೋಗಿ ಮುಧೋಳದ ಲಾಡ್ಜಲ್ಲಿ ಉಳಕೊಂಡ್ವಿ, ನಾನು ಮತ್ತು ನನ್ನ ಭಾವಮೈದ. ಒಬ್ಬರೇ ಹೋಗೋದು ತಪ್ಪು. ಒಬ್ಬ ಗಾಡಿ ಓಡಿಸಬೇಕು, ಒಬ್ಬ ಮರಿ ಪಕ್ಕ ಕೂರಬೇಕು. ಒಂದು ಹಳೇ ಪಂಚೆ ಕೊಟ್ಟು ಆ ರಾತ್ರಿ ತಾಯಿ ಮರಿ ಮಲಗೋ ಜಾಗದಲ್ಲೇ ಹಾಸಿ ಅಂತ ಹೇಳಿದ್ದೆ. ಅವರು ನಕ್ಕರೂ ಹಾಸಿದ್ರು. ಬೆಳಿಗ್ಗೆ ಟೊಮೆಟೊ ಕ್ರೇಟಿನ ತಳಕ್ಕೆ ಪೇಪರು, ಮೇಲೆ ಆ ಪಂಚೆ. ಮುನ್ನೂರು ಕಿಲೋಮೀಟರಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದೇ ಒಳ್ಳೇದು ಅನ್ಸುತ್ತೆ. ಲೋಕಾಪುರದವರೆಗೆ ಕುಂಯ್ಗುಟ್ಟಿತು, ಆಮೇಲೆ ಪಂಚೆಯೊಳಗೆ ಮೂಗು ಹುದುಗಿಸಿ ಮಲಗಿಬಿಡ್ತು.

ಬೆಳಿಗ್ಗೆ ಐದಕ್ಕೆ ಹೊರಟಿದ್ದು. ಹೊಟ್ಟೆ ಖಾಲಿ, ಹಿಂದಿನ ರಾತ್ರಿ ಉಂಡಿದ್ದಷ್ಟೇ. ಮರಿಗಳಿಗೆ ಕಿವಿಯೊಳಗಿನ ಸಮತೋಲ ಇನ್ನೂ ಬಲಿತಿರಲ್ಲ, ಅದಕ್ಕೇ ಕಾರಲ್ಲಿ ವಾಂತಿ. ಬೆಳೀತಾ ಹೆಚ್ಚಿನವಕ್ಕೆ ಸರಿಹೋಗುತ್ತೆ. ಬಸ್ಸಲ್ಲಿ ನಮಗೆ ಕೊಡೋ ವಾಂತಿ ಮಾತ್ರೆನ ಕಾಲುಭಾಗ ಮುರಿದು ಕೊಡೋರಿದಾರೆ, ಡಾಕ್ಟರನ್ನ ಕೇಳದೆ ಅದು ಬೇಡ. ನರಗುಂದ, ಹುಬ್ಬಳ್ಳಿ ಬೈಪಾಸು, ಹಾನಗಲ್ ಹತ್ರ ಮೂರು ಕಡೆ ನಿಲ್ಸಿದ್ವಿ. ಮೂರೂ ಕಡೆ ನೆಲಕ್ಕೆ ಇಳಿಸಲಿಲ್ಲ. ಡಿಕ್ಕಿ ತೆಗೆದು, ಅಡಿಕೆ ಒಣಗ್ಸೋ ಟಾರ್ಪಾಲಿನ ತುಂಡು ಹಾಸಿ ಅದರ ಮೇಲೆ ಬಿಟ್ವಿ, ಒಬ್ಬ ಹಿಡ್ಕೊಂಡು. ಮನೆಯಿಂದ ಒಯ್ದ ನೀರು ಎರಡು ಗುಟುಕು. ಊಟ ನಾವು ಸರದಿ ಮೇಲೆ ಮಾಡಿದ್ವಿ, ಗಾಡಿ ಒಂಟಿ ಬಿಡಲಿಲ್ಲ. ಬಿಸಿಲಲ್ಲಿ ನಿಂತ ಕಾರು ಹತ್ತು ನಿಮಿಷಕ್ಕೆ ಒಲೆ ಆಗುತ್ತೆ, ಗಾಜು ಚೂರು ಇಳಿಸಿದ್ರೂ ಅಷ್ಟೆ. ಹುಬ್ಬಳ್ಳೀಲಿ ಯಾವ ಬಿಡಿಭಾಗವೂ ತರಲಿಲ್ಲ, ಯಾವ ನೆಂಟರಿಗೂ ಫೋನ್ ಮಾಡಲಿಲ್ಲ. ಅವರಿಗೆ ಆಮೇಲೆ ಗೊತ್ತಾಗಿ ಸಿಟ್ಟು ಬಂತು, ಬರಲಿ. ಮಧ್ಯಾಹ್ನ ಎರಡಕ್ಕೆ ಮನೆ.

ಮನೆಗೆ ಬಂದ ದಿನ ನೋಡೋಕೆ ಅಂತ ಊರೆಲ್ಲ ಬರ್ತಾರೆ, ಅವರ ಹಿಂದೆ ಅವರ ನಾಯಿಗಳೂ. ಬೇಸರ ಆದ್ರೂ ಬೇಡ ಅನ್ನಿ. ಮೂರ್ನಾಕು ದಿನ ಅಲ್ಲಿ ತಿಂತಿದ್ದಿದ್ದನ್ನೇ ಕೊಡಿ, ನಾನು ಎರಡು ಸೇರು ಹಿಟ್ಟು ಅಲ್ಲಿಂದಲೇ ತಂದಿದ್ದೆ. ನಮ್ಮ ಅನ್ನಕ್ಕೆ ಮೆಲ್ಲಗೆ ರೂಢಿ ಮಾಡಿಸಿದೆ. ಲಸಿಕೆ ಒಂದಕ್ಕೆ ಮುಗಿಯಲ್ಲ. ತಾಯಿಯಿಂದ ಬಂದ ರಕ್ಷಣೆ ಮರಿ ಮೈಯಲ್ಲಿ ಇರೋವರೆಗೆ ನಾವು ಹಾಕ್ಸಿದ್ದು ಪೂರ್ತಿ ಹಿಡಿಯಲ್ಲ, ಅದಕ್ಕೇ ಮೂರ್ನಾಕು ವಾರಕ್ಕೊಂದರಂತೆ ನಾಲ್ಕು ತಿಂಗಳು ತುಂಬೋವರೆಗೆ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು ಬೇರೆ. ಉಣುಗಿಗೆ ಅಂತ ದನಕ್ಕೆ ತಂದಿಟ್ಟ ಐವರ್ಮೆಕ್ಟಿನ್ ಅಂದಾಜಿನಲ್ಲಿ ಚುಚ್ಚೋ ಧೈರ್ಯ ಮಾಡಬೇಡಿ.

ಇಷ್ಟೆಲ್ಲ ಬರೆದ ಮೇಲೂ, ಮುಧೋಳದ್ದೇ ಬೇಕಾ ಅಂತ ಕೇಳಿದ್ರೆ ನನಗೆ ಪೂರ್ತಿ ಹೌದು ಅನ್ನೋಕೆ ಆಗಲ್ಲ. ಅದು ಬಯಲುಸೀಮೇಲಿ ಮೊಲದ ಹಿಂದೆ ಓಡೋಕೆ ಹುಟ್ಟಿದ ಮೈ. ತೆಳು ಚರ್ಮ, ಗಿಡ್ಡ ಕೂದಲು. ನಮ್ಮ ಆಷಾಢದ ಜಡಿಮಳೇಲಿ ನಡುಗುತ್ತೆ, ಒಣ ಜಾಗ ಬೇಕೇ ಬೇಕು. ಓಡೋಕೆ ಜಾಗ ಇಲ್ಲದ ಕಡೆ ಸರಪಳೀಲಿ ಕಟ್ಟಿದ್ರೆ ಅದಕ್ಕೂ ಹಿಂಸೆ, ನಮಗೂ. ಮಂಗ ಓಡ್ಸೋಕೆ ಮಾತ್ರ ಅಂದ್ರೆ ಊರ ನಾಟಿ ಮರಿಯೇ ಸಾಕು. ಅದಕ್ಕೆ ಮುನ್ನೂರು ಕಿಲೋಮೀಟರ್ ಕಾರಲ್ಲಿ ಕೂರೋ ಕಷ್ಟವೂ ಇಲ್ಲ. ಯಾವ ನಾಯಿಯಾದ್ರೂ ರಾತ್ರಿ ಹೊರಗೆ ಕಟ್ಟಬೇಡಿ. ಚಿರತೆ ಬಂದ್ರೆ ಕಟ್ಟಿದ ನಾಯಿಗೆ ಓಡೋಕೂ ದಾರಿ ಇರಲ್ಲ.

ನಮ್ಮದು ಈಗ ಒಂದು ವರ್ಷದ್ದು. ಜೋಳದ ಬಣ್ಣ ಅಂತ ಮಗಳು ಜೋಳ ಅಂತಲೇ ಹೆಸರಿಟ್ಲು. ಚುಕ್ಕಿ ಹೆಸರು ಮಾತ್ರ ಬೇಡ ಅಂದ್ಲು.

ಫೋನ್ ಮಾಡಿದ ಮೂವರಲ್ಲಿ ಒಬ್ಬರು ಮುಂದಿನ ತಿಂಗಳು ಹೊರಟಿದಾರೆ ಅಂತ ಕೇಳ್ದೆ. ಕ್ರೇಟು, ಟಾರ್ಪಾಲಿನ ತುಂಡು ನಮ್ಮನೆ ಅಟ್ಟದಲ್ಲಿವೆ, ಬ್ಲೀಚಿಂಗ್ ಹಾಕಿ ತೊಳೆದು ಒಣಗಿಸಿ ಇಟ್ಟಿದೀನಿ, ಬಂದು ತಗೊಂಡು ಹೋಗಿ. ಪಂಚೆ ಮಾತ್ರ ನಿಮ್ಮದೇ ತನ್ನಿ, ನಮ್ಮದರ ಮೇಲೆ ಜೋಳ ಇನ್ನೂ ಮಲಗ್ತಾಳೆ.