ಸೌರ ಎ.ಸಿ: ಪರೀಕ್ಷೆ ರಾತ್ರಿಯೂ ನಡೆಯಲಿ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಮನೆಗಳಿಗೆ ಹವಾನಿಯಂತ್ರಣ ಬೇಕೆಂದರೆ ಒಂದು ಕಾಲಕ್ಕೆ ಜನ ನಗುತ್ತಿದ್ದರು. 2016ರ ಏಪ್ರಿಲ್‌ನಲ್ಲಿ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಬೇಸಿಗೆಯೂ ನಗರವನ್ನು ಬಸವಳಿಸಿತು. ಮಧ್ಯಮ ವರ್ಗದ ಮನೆಗಳಿಗೂ ಎ.ಸಿ ಬರತೊಡಗಿದೆ. ಅದನ್ನು ಸೌರವಿದ್ಯುತ್ತಿನಿಂದ ನಡೆಸಿದರೆ ಪರಿಸರಕ್ಕೂ ಜೇಬಿಗೂ ಹೊರೆಯಿಲ್ಲ ಎಂಬ ವಾದವೂ ಜೊತೆಗೇ ಬಂದಿದೆ.

ವಾದ ಆಕರ್ಷಕವಾಗಿದೆ. ಬಿಸಿಲೇರಿದಾಗಲೇ ವಿದ್ಯುತ್ತೂ ಹೆಚ್ಚು ದೊರೆಯುತ್ತದೆ. ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್ ನಿರೀಕ್ಷಿಸಬಹುದು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಮನೆಗಳಿಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ಹಗಲು ನಡೆಯುವ ಕಚೇರಿಗಳಿಗೆ ಈ ಲೆಕ್ಕ ಹೊಂದುತ್ತದೆ.

ಆದರೆ ಮನೆಯ ಲೆಕ್ಕ ಬೇರೆ. ದುಡಿಯುವ ದಂಪತಿ ಎ.ಸಿ ಹಾಕುವುದು ರಾತ್ರಿ, ಮಲಗುವ ಹೊತ್ತಿಗೆ. ಹಗಲಿನಲ್ಲಿ ಜಾಲಕ್ಕೆ ಕೊಟ್ಟ ಯೂನಿಟ್ಟುಗಳು ಬಿಲ್ಲಿನಲ್ಲಿ ವಜಾ ಆಗಬಹುದು. ಆದರೂ ರಾತ್ರಿಯ ವಿದ್ಯುತ್ತು ರಾಯಚೂರಿನ ಕಲ್ಲಿದ್ದಲಿನಿಂದಲೋ ಶರಾವತಿಯ ನೀರಿನಿಂದಲೋ ಬರಬೇಕು. ಈ ನಗರದಲ್ಲಿ ಸೌರ ಜಲತಾಪಕ ಮನೆಮಾತಾದದ್ದು ಹಗಲಿನ ಶಾಖವನ್ನು ಬೆಳಗಿನ ಸ್ನಾನದವರೆಗೆ ತೊಟ್ಟಿಯಲ್ಲಿ ಕಾಪಿಡುವುದರಿಂದ. ತಂಪಿಗೆ ಅಂಥ ಅಗ್ಗದ ತೊಟ್ಟಿ ಇನ್ನೂ ಮನೆಗಳಿಗೆ ಬಂದಿಲ್ಲ, ಬ್ಯಾಟರಿ ದುಬಾರಿ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇಲ್ಲಿ ಏಪ್ರಿಲ್ ತಿಂಗಳಲ್ಲೂ ನಸುಕಿನ ಹೊತ್ತಿಗೆ ಹೊರಗಿನ ಗಾಳಿ ಸಾಮಾನ್ಯವಾಗಿ 22 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆದರೂ ಮೇಲಂತಸ್ತಿನ ಕೋಣೆ ಬೇಯುವುದು, ಹಗಲಿಡೀ ಶಾಖ ಹೀರಿದ ಕಾಂಕ್ರೀಟ್ ತಾರಸಿ ರಾತ್ರಿ ಅದನ್ನು ಒಳಕ್ಕೆ ಬಿಡುವುದರಿಂದ. ತಾರಸಿಗೆ ಬಿಳಿ ಬಣ್ಣ ಬಳಿದರೆ ಶಾಖ ತಗ್ಗುತ್ತದೆ. ಎತ್ತರದ ಚೌಕಟ್ಟಿನ ಮೇಲೆ ಕೂರಿಸಿದ ಸೌರಫಲಕಗಳ ನೆರಳೂ ಇದೇ ಕೆಲಸ ಮಾಡುತ್ತದೆ.

ಆದ್ದರಿಂದ ಮಾರಾಟಗಾರರ ಮಾತಿಗಿಂತ ಮೊದಲು ಪರೀಕ್ಷೆ ಬೇಕು. ಬೆಸ್ಕಾಂ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಜನ ವಾಸವಿರುವ ಸಾಧಾರಣ ಮನೆಗಳಲ್ಲಿ ಇಡೀ ವರ್ಷ ಇದನ್ನು ನಡೆಸಬಹುದು. ಕೆಲವು ಮನೆಗಳಿಗೆ ಸೌರ ಎ.ಸಿ, ಕೆಲವಕ್ಕೆ ಬಿಳಿ ತಾರಸಿ ಮತ್ತು ಫ್ಯಾನು, ಕೆಲವಕ್ಕೆ ಎರಡೂ ಇರಲಿ. ಕೋಣೆಯ ತಾಪಮಾನ, ಜಾಲದಿಂದ ರಾತ್ರಿ ಪಡೆದ ಯೂನಿಟ್ಟು, ಒಟ್ಟು ಖರ್ಚು ಇವನ್ನು ಗಂಟೆಗಂಟೆಯ ಲೆಕ್ಕದೊಂದಿಗೆ ಸಾರ್ವಜನಿಕರ ಮುಂದಿಡಬೇಕು.

ಪಕ್ಕದ ಮನೆಯವರನ್ನೂ ಈ ಪರೀಕ್ಷೆ ಮರೆಯಬಾರದು. ಸೌರವಿದ್ಯುತ್ತಿನಿಂದ ನಡೆದರೂ ಎ.ಸಿ ಒಳಗಿನ ಬಿಸಿಯನ್ನು ಬೀದಿಗೇ ತಳ್ಳುತ್ತದೆ. ಸ್ವಂತ ತಾರಸಿಯಿಲ್ಲದ ಬಾಡಿಗೆದಾರ, ಶೀಟಿನ ಮನೆಯ ಕೂಲಿಕಾರ ಆ ಬಿಸಿಯನ್ನು ಸಹಿಸಬೇಕಾಗುತ್ತದೆ. ಸರ್ಕಾರದ ಮುಂದಿನ ಸಹಾಯಧನ ಎ.ಸಿಗೋ ತಾರಸಿಯ ಸುಣ್ಣಕ್ಕೋ ಎಂಬುದನ್ನು ಈ ಅಂಕಿಅಂಶಗಳು ನಿರ್ಧರಿಸಲಿ.